ಕಿಟಕಿ ಬೆಂಚಿನ ಹಿಂಬದಿಯ ಹಲಗೆ

ಬೆಳಗಿನ ಐದೂವರೆ. ವಾಚನಾಲಯದ ದೊಡ್ಡ ಕೋಣೆಯಲ್ಲಿ ಕತ್ತಲು ಇನ್ನೂ ಪೂರ್ತಿ ಕರಗಿಲ್ಲ. ಗೋಡೆಯ ಬುಡದಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕುಳಿತಿದ್ದಾರೆ. ಮೈಮೇಲೆ ಗಂಡಸರ ಹಳೆಯ ಅಂಗಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಸ್ಕ್ರೂಡ್ರೈವರ್. ದೀಪ ಹಾಕೋಣವೆಂದು ಸ್ವಿಚ್ಚಿನತ್ತ ಕೈ ಚಾಚಿದ ನನಗೆ ಅಲ್ಲಿಂದಲೇ ಗದರಿಕೆ.

“ಬೇಡ ತಮ್ಮಾ. ಹೆಜ್ಜೆನೂ ಮೆಲ್ಲಗೆ ಇಡು. ಅವಕ್ಕೆ ಕಿವಿ ಇಲ್ಲ, ನಿಜ. ಆದ್ರೆ ನೆಲ ಅದುರಿದ್ರೆ ಗೊತ್ತಾಗಿಬಿಡುತ್ತೆ.”

ಅವು ಎಂದರೆ ಗೆದ್ದಲು. ಗೋಡೆಯ ಮೇಲೆ ಬೆರಳಗಲದ ಮಣ್ಣಿನ ಗೆರೆಯೊಂದು ನೆಲದಿಂದ ಹೊರಟು ಕಪಾಟಿನ ಹಿಂದೆ ಮಾಯವಾಗಿದೆ. ನನ್ನಂಥವರ ಕಣ್ಣಿಗೆ ಅದು ಒಣಗಿದ ಕೆಸರು. ಒಳಗೆ ಮಾತ್ರ ಟೊಳ್ಳು, ಗೆದ್ದಲು ಓಡಾಡುವ ರಸ್ತೆ. ನಿನ್ನೆ ಬೆಳಿಗ್ಗೆ ಇದೇ ಹೊತ್ತಿಗೆ ಇವರು ಆ ಗೆರೆಯ ನಡುವೆ ಎರಡು ಬೆರಳಿನಷ್ಟು ಕೆತ್ತಿ ತೆಗೆದಿದ್ದರು. ಈಗ ಟಾರ್ಚಿನ ಬೆಳಕು ಅಲ್ಲೇ ಹೋಗಿ ನಿಲ್ಲುತ್ತದೆ. ಕೆತ್ತಿದ ಜಾಗ ಮುಚ್ಚಿಹೋಗಿದೆ. ಹೊಸ ಮಣ್ಣು ಇನ್ನೂ ಒದ್ದೆಯಾಗಿದೆ, ಉಳಿದದ್ದಕ್ಕಿಂತ ಬಣ್ಣ ಸ್ವಲ್ಪ ಕಡು.

“ರಿಪೇರಿ ಮಾಡಿಬಿಟ್ಟಿವೆ,” ಎನ್ನುತ್ತಾರೆ. ದನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆಯೇ ಹೆಚ್ಚು. “ನಮ್ಮ ಬೀದಿ ಗುಂಡಿ ಮುಚ್ಚೋಕೆ ಎರಡು ವರ್ಷ ಆಯ್ತು. ಇವು ನೋಡು, ಒಂದೇ ರಾತ್ರಿ.”

ಇವರನ್ನು ಸುತ್ತಲಿನವರೆಲ್ಲ ಗೆದ್ದಲಕ್ಕ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತೆಂಟು. ಮನೆಗಳಿಗೆ ಹಿಡಿದ ಗೆದ್ದಲು ಬಿಡಿಸುವ ಕೆಲಸಕ್ಕೆ ಇಳಿದು ಮೂವತ್ತಾರು ವರ್ಷ. ಜಿರಳೆ, ತಿಗಣೆ, ಇರುವೆ, ಅಕ್ಕಿಯ ಹುಳು ಯಾವುದನ್ನೂ ಒಲ್ಲೆ ಎನ್ನುವವರಲ್ಲ, ಆದರೆ ಮರ್ಯಾದೆ ಕೊಡುವುದು ಗೆದ್ದಲಿಗೊಂದಕ್ಕೇ. ಇವರ ಬಗ್ಗೆ ಬರೆಯಬೇಕೆಂದು ಮೊದಲ ಸಲ ಫೋನಿನಲ್ಲಿ ಮಾತನಾಡಿಸಿದಾಗ ನನ್ನನ್ನು ‘ನೀವು’ ಎಂದರು. ಎರಡನೆಯ ವಾಕ್ಯಕ್ಕೇ ಅದು ‘ತಮ್ಮಾ’ ಆಯಿತು. ಮೂರನೆಯದರಲ್ಲಿ, ನಿಮ್ಮ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದೀಯಾ ಎಂದು ವಿಚಾರಣೆ. ಇಟ್ಟಿದ್ದೆ. ಸುಳ್ಳು ಹೇಳಿದೆ. ನಂಬಲಿಲ್ಲ.

ಈ ಬೆಳಿಗ್ಗೆ ಅವರ ಮುಂದೆ ಇರುವುದು ದೊಡ್ಡ ಪರೀಕ್ಷೆ. ವಾಚನಾಲಯದ ಮರದ ಕಪಾಟುಗಳಿಗೂ ಕಿಟಕಿಗೆ ಹೊಂದಿಸಿ ಮಾಡಿದ ಬೆಂಚಿಗೂ ಗೆದ್ದಲು ಹಿಡಿದಿದೆ ಎಂದು ಗೊತ್ತಾದ ಕೂಡಲೇ ಆಡಳಿತ ಮಂಡಳಿ ಒಂದು ತೀರ್ಮಾನಕ್ಕೆ ಬಂದಿತ್ತು. ಮರವನ್ನೆಲ್ಲ ಕಿತ್ತುಹಾಕಿ ಕಬ್ಬಿಣದ ಕಪಾಟು ತರಿಸುವುದು. ಗೆದ್ದಲಕ್ಕ ಹೋಗಿ ಇಪ್ಪತ್ತೊಂದು ದಿನ ಕೇಳಿಕೊಂಡರು. ಇಪ್ಪತ್ತೊಂದನೆಯ ದಿನವೂ ಗೆದ್ದಲಿನ ದಾರಿ ರಿಪೇರಿಯಾದರೆ ಮರ ಹೋಗುತ್ತದೆ, ಆಗದಿದ್ದರೆ ಉಳಿಯುತ್ತದೆ. ನೋಡಿ ಹೇಳುವ ಹೊಣೆ ವಾಚನಾಲಯದ ಮೇಲ್ವಿಚಾರಕರದ್ದು. ಇವತ್ತು ಒಂಬತ್ತನೆಯ ದಿನ.

ಇದರಲ್ಲಿ ಇವರಿಗೇನು ಅಷ್ಟು ಆಸ್ಥೆ ಎಂದು ಕೇಳುವವರಿಗೆ ಉತ್ತರ ಸುಲಭ. ಈ ಕೋಣೆಯ ಒಂದೊಂದು ಕಪಾಟನ್ನೂ, ಆ ಬೆಂಚನ್ನೂ ಮಾಡಿದ ಬಡಗಿ ಇವರ ಅಪ್ಪ.

ಹೊರಗೆ ಬೆಳಕು ಹರಿಯುತ್ತಿದೆ. ಗೆದ್ದಲಕ್ಕ ಈಗ ಕಟ್ಟಡದ ಸುತ್ತ ಮಣ್ಣಿನಲ್ಲಿ ನೆಟ್ಟ ಮರದ ಗೂಟಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಿದ್ದಾರೆ. ಗೇಣುದ್ದದ ಮೆದು ಮರದ ಗೂಟಗಳು, ಒಟ್ಟು ಇಪ್ಪತ್ತಾರು. ತಂಪು ಹೊತ್ತಿನಲ್ಲಿ ಗೆದ್ದಲು ಮೇಲೆ ಬಂದು ಮೇಯುತ್ತದೆ, ಬಿಸಿಲೇರಿದರೆ ಆಳಕ್ಕೆ ಇಳಿದುಬಿಡುತ್ತದೆ. ಆದ್ದರಿಂದಲೇ ಈ ಅವೇಳೆಯ ಕೆಲಸ. ಗೂಟ ಕಚ್ಚಿದ್ದರೆ ಗೆದ್ದಲು ಯಾವ ಕಡೆಯಿಂದ ಬರುತ್ತಿದೆ ಎಂದು ಲೆಕ್ಕ ಸಿಗುತ್ತದೆ. ಹತ್ತೊಂಬತ್ತು ಗೂಟ ಸ್ವಚ್ಛವಾಗಿವೆ. ಕಿಟಕಿಯ ಕೆಳಗಿನ ಏಳರ ಬುಡ ಮಾತ್ರ ಇಲಿ ಕಡಿದ ಹಾಗೆ ಸವೆದಿದೆ. ಆ ಏಳನ್ನು ಅವರು ಕೈಯಲ್ಲಿ ಹಿಡಿದುಕೊಂಡೇ ತುಂಬ ಹೊತ್ತು ನಿಲ್ಲುತ್ತಾರೆ.

ದಿನಕ್ಕೆ ಎರಡು ಮನೆ, ಸಣ್ಣ ಮನೆಯಾದರೆ ಮೂರು. ಗೋಡೆಯ ಉದ್ದಕ್ಕೂ ಅಡಿಗೊಂದರಂತೆ ನೆಲಕ್ಕೆ ತೂತು ಕೊರೆಯಬೇಕು, ಒಂದೊಂದು ತೂತಿಗೂ ಔಷಧ ಇಳಿಸಬೇಕು, ಆಮೇಲೆ ಸಿಮೆಂಟಿನಿಂದ ಮುಚ್ಚಬೇಕು. ದಿನಕ್ಕೆ ನೂರು ತೂತು ಅವರ ಮಟ್ಟಿಗೆ ಮಾಮೂಲು. ನೂರು ಸಲ ಮಂಡಿಯೂರಿ ನೂರು ಸಲ ಏಳುವುದು. ಹೆಗಲ ಚೀಲದ ಭಾರ ಹದಿಮೂರು ಕೆಜಿ. “ಮಂಡಿ ಎರಡೂ ಸಂಜೆ ಹೊತ್ತಿಗೆ ಬೇರೆಯವರದ್ದು ಅನ್ಸುತ್ತೆ,” ಎಂದು ನಗುತ್ತಾರೆ. ಕೈಗವಸು ಇಲ್ಲದ ಕಾಲದಲ್ಲಿ ಔಷಧ ಬೆರೆಸಿ ಬಲಗೈಯ ಚರ್ಮ ಹಾಳಾಗಿದೆ. ಮಲ್ಲಿಗೆ ಮೂಸಿದರೂ ವಾಸನೆ ಗೊತ್ತಾಗುವುದಿಲ್ಲವಂತೆ. ಅದನ್ನು ಹೇಳುವಾಗಲೂ ಮುಖದಲ್ಲಿ ದೂರಿಲ್ಲ. ನನಗೇ ಸಂಕಟವಾಯಿತು.

ಮೊದಮೊದಲು ಹೆಂಗಸು ಈ ಕೆಲಸಕ್ಕೆ ಬಂದಳೆಂದು ಮೂಗು ಮುರಿದವರು ಬೇಕಾದಷ್ಟು. ಆಮೇಲೆ ಅದೇ ಅನುಕೂಲವಾಯಿತು. “ಗಂಡಸರು ಹೋದ್ರೆ ಹಜಾರ ತೋರಿಸಿ ಕಳಿಸ್ತಾರೆ. ನಾನು ಹೋದ್ರೆ ಅಡುಗೆಮನೆ, ಬಟ್ಟೆ ಅಲಮಾರು, ಮಂಚದ ಅಡಿ ಎಲ್ಲಾ ತೆಗೆದು ತೋರಿಸ್ತಾರೆ. ಗೆದ್ದಲು ಇರೋದು ಹಜಾರದಲ್ಲಲ್ಲ ತಮ್ಮಾ, ನಾಚಿಕೆ ಆಗಿ ಮುಚ್ಚಿಟ್ಟಿರೋ ಜಾಗದಲ್ಲಿ.” ಸೋರುವ ನಲ್ಲಿ, ಗೋಡೆಗೆ ಆನಿಸಿಟ್ಟ ಹಳೆಯ ಪೇಪರು, ಎಂದಾದರೂ ಬೇಕಾಗುತ್ತದೆ ಎಂದು ಎತ್ತಿಟ್ಟ ಹಲಗೆ ಚೂರು. ಔಷಧ ಹೊಡೆಯುವ ಮೊದಲು ಇವನ್ನೆಲ್ಲ ತೆಗೆಸುತ್ತಾರೆ. ಯಾವ ಸಾಮಾನೇ ಇರಲಿ, ಗೋಡೆಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ ಬಿಡಬೇಕು. ಚಾಚೂ ತಪ್ಪದೆ ಪಾಲಿಸಿದ ಮನೆಗೆ ತಾವು ಎರಡನೆಯ ಸಲ ಹೋಗಿಲ್ಲ ಎನ್ನುತ್ತಾರೆ. ಹೊಟ್ಟೆಪಾಡಿಗೆ ತಾವೇ ಕಲ್ಲು ಹಾಕಿಕೊಳ್ಳುವ ಇಂಥ ಕಸುಬುದಾರರು ಈಗ ಎಷ್ಟು ಮಂದಿ ಇದ್ದಾರೋ.

ಕೆಲಸವೂ ಕಡಿಮೆಯಾಗಿದೆ. ಹಳೆಯ ಮನೆಗಳ ಮಾತೆತ್ತಿದರೆ ಅವರ ಕಣ್ಣು ಅರಳುತ್ತದೆ. ತೊಲೆ, ಅಟ್ಟ, ಕೆತ್ತನೆಯ ಬಾಗಿಲು, ಇಬ್ಬರು ಹೊರಬೇಕಾದ ಮರದ ಸಂದೂಕ, ಕುಳಿತರೆ ಕಿರ್ರೆನ್ನುವ ಕುರ್ಚಿ. ತಟ್ಟಿದರೆ ಒಂದೊಂದು ಮರಕ್ಕೆ ಒಂದೊಂದು ದನಿ. “ಈಗ ಎಲ್ಲಾ ಅಲ್ಯೂಮಿನಿಯಂ, ಪ್ಲಾಸ್ಟಿಕ್ಕು. ತಟ್ಟಿದ್ರೆ ಒಂದೇ ಥರ ಡಬ್ ಡಬ್. ಗೆದ್ದಲೂ ಏನು ತಿನ್ನಬೇಕು ಹೇಳು, ಪಾಪ.”

ಈ ಕೋಣೆಯ ಮರದ ದನಿ ಅವರಿಗೆ ಒಂಬತ್ತನೆಯ ವಯಸ್ಸಿನಿಂದ ಗೊತ್ತು. ಆಗ ಹನ್ನೆರಡು ತುಂಬದ ಮಕ್ಕಳಿಗೆ ವಾಚನಾಲಯದೊಳಗೆ ಪ್ರವೇಶ ಇರಲಿಲ್ಲ. ಅಪ್ಪ ಮಗಳ ಕೈಗೆ ಮೊಳೆಯ ಡಬ್ಬ ಕೊಟ್ಟು, ಇವಳು ಕೆಲಸದವಳು ಎಂದು ಹೇಳಿ ಒಳಗೆ ಕರೆದುಕೊಂಡು ಬಂದಿದ್ದರು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಕಪಾಟಿನ ಅಂತಸ್ತುಗಳ ನಡುವೆ ಎಷ್ಟು ಎತ್ತರ ಬಿಡಬೇಕೆಂದು ಗೊತ್ತಾಗದೆ ಮಗಳನ್ನೇ ಕೇಳಿದರಂತೆ. ನೆಲದ ಮೇಲೆ ರಾಶಿ ಹಾಕಿದ್ದ ಪುಸ್ತಕಗಳನ್ನು ಹುಡುಗಿ ಎತ್ತರದ ಪ್ರಕಾರ ಮೂರು ಸಾಲಾಗಿ ಜೋಡಿಸಿ ಕೊಟ್ಟಳು, ಅಪ್ಪ ಅಳತೆ ಹಿಡಿದು ಕಪಾಟು ಮಾಡಿದರು. “ಜೋಡಿಸೋ ನೆಪದಲ್ಲಿ ಎಲ್ಲಾನೂ ತೆರೆದು ತೆರೆದು ಓದ್ತಿದ್ದೆ. ಒಂದು ದಿನದ ಕೆಲಸಕ್ಕೆ ಹನ್ನೊಂದು ದಿನ ತಗೊಂಡೆ. ಅಪ್ಪ ತುಟಿ ಪಿಟಕ್ ಅನ್ನಲಿಲ್ಲ. ಮರದ ಪುಡಿ ಮೇಲೆ ಹೊಟ್ಟೆ ಅಡಿ ಮಾಡಿ ಮಲ್ಕೊಂಡು ಓದ್ತಿದ್ನಲ್ಲಾ, ಆ ಸುಖ ಆಮೇಲೆ ಎಲ್ಲೂ ಸಿಗಲಿಲ್ಲ.”

ಗೇಟಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕುಳಿತಾಗ, ಕಿಟಕಿಯ ಕೆಳಗಿನ ಏಳು ಗೂಟಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಅವರು ಇನ್ನೊಂದು ಮಾತು ಹೇಳುತ್ತಾರೆ. ಇಷ್ಟು ವರ್ಷ ಯಾರಿಗೂ ಹೇಳದ್ದು.

ಹದಿನೆಂಟು ವರ್ಷದ ಹಿಂದೆ ಈ ಕೋಣೆಗೆ ಔಷಧ ಹೊಡೆದವರೂ ಇವರೇ. ಅಪ್ಪ ತೀರಿಕೊಂಡು ಆಗ ಎರಡು ವರ್ಷ. ಗೋಡೆಯ ಸುತ್ತಲೂ ಅಡಿಗೊಂದು ತೂತು ಕೊರೆಯುತ್ತ ಕಿಟಕಿ ಬೆಂಚಿನ ಬಳಿ ಬಂದರು. ಬೆಂಚು ಗೋಡೆಗೂ ನೆಲಕ್ಕೂ ಕೂಡಿಸಿ ಮಾಡಿದ್ದು, ಆರಡಿ ಉದ್ದ. ಒಳಗೆ ಪತ್ರಿಕೆ ತುಂಬಿಡುವಂಥದ್ದು, ಕೂರುವ ಹಲಗೆಯೇ ಅದರ ಮುಚ್ಚಳ. ಅದರ ಅಡಿಯ ನೆಲಕ್ಕೆ ಔಷಧ ಇಳಿಸಬೇಕೆಂದರೆ ಅಡಿಹಲಗೆಯನ್ನು ತೂತು ಮಾಡಿಯೇ ಇಳಿಸಬೇಕು.

“ಡ್ರಿಲ್ ಹಿಡ್ಕೊಂಡೆ. ಮೊನೆ ಮರದ ಮೇಲೆ ಇಟ್ಟೆ. ಆಗಲಿಲ್ಲ ತಮ್ಮಾ. ಅಪ್ಪ ಬೆರಳಲ್ಲಿ ಸವರಿ ಸವರಿ ನುಣುಪು ಮಾಡಿದ ಹಲಗೆ. ಅದಕ್ಕೆ ನಾನು ತೂತು ಹೊಡಿಯೋದಾ? ಹೇಗೂ ಗಟ್ಟಿ ತೇಗ, ಗೆದ್ದಲು ಮುಟ್ಟಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಆರು ತೂತು ಬಿಟ್ಟೆ. ಹೊಡೆದದ್ದು ತೊಂಬತ್ತು, ತೊಂಬತ್ತಾರು ಅಂತ ಬರೆದುಕೊಟ್ಟೆ.”

ಸಾವಿರಾರು ಮನೆಯ ಕೆಲಸದಲ್ಲಿ ತಾವು ಬರೆದ ಒಂದೇ ಒಂದು ಸುಳ್ಳು ಅದು ಎನ್ನುತ್ತಾರೆ. ನಾನು ನಂಬುತ್ತೇನೆ. ಗೆದ್ದಲು ಈಗ ಬಂದಿರುವುದು ಆ ಆರಡಿಯಿಂದಲೇ. ಹಾಗಿದ್ದೂ ಈ ಸಲದ ಎಂಟು ದಿನ ಅವರು ಬೇರೆಲ್ಲ ಕಡೆ ಔಷಧ ಇಳಿಸಿ, ಅಷ್ಟರಲ್ಲೇ ನಿಂತೀತು ಎಂದು ಕಾದರು. ಬೆಂಚು ಮುಟ್ಟಲಿಲ್ಲ. ಇವತ್ತು ಬೆಳಗಿನ ಒದ್ದೆ ಮಣ್ಣು ಆ ಆಸೆಯನ್ನೂ ಮುಚ್ಚಿತು.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಬೆಂಚಿನ ಮುಚ್ಚಳ ತೆರೆದಿದೆ. ಒಳಗಿದ್ದ ಹಳೆಯ ಪತ್ರಿಕೆಗಳ ಕಟ್ಟುಗಳು ಹೊರಗೆ ಬಂದಿವೆ. ಅರ್ಧಕ್ಕರ್ಧ ಪುಡಿ. ಗೆದ್ದಲಕ್ಕ ಬೆರಳ ಗೆಣ್ಣಿನಿಂದ ಹಲಗೆಗಳನ್ನು ಒಂದೊಂದಾಗಿ ತಟ್ಟುತ್ತಾರೆ. ಅಡಿಹಲಗೆ ಟಣ್ ಎನ್ನುತ್ತದೆ. ಎಡಬದಿ ಟಣ್, ಬಲಬದಿ ಟಣ್. ಗೋಡೆಗೆ ಆತುಕೊಂಡಿರುವ ಹಿಂಬದಿಯ ಹಲಗೆ ಮಾತ್ರ ಒದ್ದೆ ರಟ್ಟಿನಂತೆ ಬೊದ್ ಎನ್ನುತ್ತದೆ. ಅವರು ಮತ್ತೊಮ್ಮೆ ತಟ್ಟುತ್ತಾರೆ. ಸ್ಕ್ರೂಡ್ರೈವರಿನ ಮೊನೆ ಒತ್ತಿದರೆ ಹಿಡಿಯ ತನಕ ಒಳಗೆ ಹೋಗುತ್ತದೆ.

“ತೇಗ ಹೀಗಾಗಲ್ಲ,” ಎನ್ನುತ್ತಾರೆ. ಉಗುರಿನಿಂದ ಮೇಲ್ಮೈ ಕೆರೆಯುತ್ತಾರೆ. ತೇಗದ ಬಣ್ಣದ ವಾರ್ನಿಷ್ ಸಿಪ್ಪೆಯ ಹಾಗೆ ಏಳುತ್ತದೆ. ಕೆಳಗೆ ಬಿಳಿ ಮರ, ಸಾಮಾನು ತುಂಬಿ ಕಳಿಸುವ ಪೆಟ್ಟಿಗೆಗಳದ್ದು. ಗೆದ್ದಲಿಗೆ ಅದಕ್ಕಿಂತ ರುಚಿ ಇನ್ನೊಂದಿಲ್ಲ. ಯಾರೋ ಬೇಕೆಂದೇ ಬಣ್ಣ ಬಳಿದು ಕೂಡಿಸಿದ್ದಾರೆ. ಬೆಂಚು ಮಾಡಿದ್ದು ಒಬ್ಬರೇ.

ಅವರು ಎದ್ದು ಕೈ ಕೊಡವಿಕೊಂಡು, “ನಡಿ, ಅಮ್ಮನ್ನ ಕೇಳೋಣ,” ಎಂದರು. ಮುಖ ಸುಟ್ಟ ಬದನೆಯ ಹಾಗಾಗಿತ್ತು.

ಅವರ ಮನೆ ಹತ್ತು ನಿಮಿಷದ ದಾರಿ. ಅಮ್ಮನಿಗೆ ಎಂಬತ್ತೆರಡು. ಬಾಗಿಲಲ್ಲೇ ಕುಳಿತು ಹಳೆಯ ಸ್ವೆಟರೊಂದನ್ನು ಬಿಚ್ಚಿ ಉಂಡೆ ಸುತ್ತುತ್ತಿದ್ದಾರೆ. ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು.

“ಅಮ್ಮಾ, ವಾಚನಾಲಯದ ಬೆಂಚಿನ ಹಿಂಬದಿಗೆ ಅಪ್ಪ ಯಾಕೆ ಪೆಟ್ಟಿಗೆ ಮರ ಹಾಕಿದ್ರು?”

ಉಂಡೆ ಸುತ್ತುವ ಕೈ ನಿಂತಿತು. “ಅಂತೂ ಸಿಕ್ಕಿಬಿದ್ರಾ ನಿಮ್ಮಪ್ಪ,” ಎಂದರು ಅಮ್ಮ. ಆಮೇಲೆ ಗದ್ದ ಎತ್ತಿ ಒಳಗಿನ ಮೂಲೆ ತೋರಿಸಿದರು. “ನಿನ್ನ ಬರೆಯೋ ಡೆಸ್ಕು ಯಾವ ಮರದ್ದು ಅಂದ್ಕೊಂಡಿದ್ದೆ?”

ಮೂಲೆಯಲ್ಲೊಂದು ಪುಟ್ಟ ಡೆಸ್ಕ್ ಇದೆ, ನೆಲದ ಮೇಲೆ ಕುಳಿತು ಬರೆಯುವಂಥದ್ದು. ಅದರ ಮೇಲೆ ಈಗ ಮಾತ್ರೆ ಡಬ್ಬ, ಕನ್ನಡಕ, ರೇಡಿಯೋ. ಮಿಕ್ಕಿದ ಮರದಲ್ಲಿ ಮಾಡಿದ್ದು ಎಂದಷ್ಟೇ ಅಪ್ಪ ಹೇಳಿದ್ದರಂತೆ.

“ಮಿಕ್ಕಿದ್ದು ಅಂತ ಹೇಳಿದ್ರು,” ಎಂದರು ಮಗಳು, ತೀರ ಸಣ್ಣ ದನಿಯಲ್ಲಿ.

“ಮಿಕ್ಕಿಸಿದ್ದು. ನೀನು ನೆಲದ ಮೇಲೆ ಬಿದ್ಕೊಂಡು ಓದಿ ಓದಿ ಕತ್ತು ನೋವು ಅಂತ ಅಳ್ತಿದ್ದೆ. ಗೋಡೆಗೆ ಅಂಟಿಕೊಂಡಿರೋ ಹಲಗೆ, ಯಾರು ನೋಡ್ತಾರೆ ಅಂದ್ರು. ನಾನು ಬೇಡ ಅಂದೆ. ನನ್ನ ಮಾತು ಯಾವತ್ತು ಕೇಳಿದ್ರು ಅವರು?”

“ಕದ್ದಂಗಾಯ್ತಲ್ಲಮ್ಮಾ.”

“ಅದಕ್ಕೆ ಬೇರೆ ಹೆಸರಿದ್ರೆ ನೀನೇ ಹೇಳು,” ಎಂದರು ಅಮ್ಮ. “ಸಾಯೋ ತನಕ ವಾಚನಾಲಯದ ರಸ್ತೇಲಿ ನಡೀಲಿಲ್ಲ ಮಹಾರಾಯ. ಸುತ್ತು ಹಾಕ್ಕೊಂಡು ಪೇಟೆಗೆ ಹೋಗ್ತಿದ್ರು,” ಎಂದು ಮತ್ತೆ ನೂಲು ಎಳೆಯತೊಡಗಿದರು.

ಗೆದ್ದಲಕ್ಕ ಡೆಸ್ಕಿನ ಮೇಲಿದ್ದ ಸಾಮಾನೆಲ್ಲ ಕೆಳಗಿಟ್ಟು ಅಳತೆ ಪಟ್ಟಿ ಹಿಡಿದರು. ಮೇಲ್ಹಲಗೆ ಎರಡಡಿ, ಅಡಿಹಲಗೆ ಎರಡಡಿ, ಪಕ್ಕದ ಎರಡು ತಲಾ ಒಂದಡಿ. ಒಟ್ಟು ಆರಡಿ, ಗರಗಸ ತಿಂದಷ್ಟು ಕಡಿಮೆ. ಪಟ್ಟಿ ಮಡಿಸುತ್ತ ಅವರು ಗೊಳೋ ಎಂದು ಅತ್ತರು. ನಡುವೆಯೇ ನಗುವೂ ಬಂತು. “ಅಪ್ಪ ಗೆದ್ದಲಿಗೆ ಬಾಗಿಲು ತೆಗೆದಿಟ್ರು. ನಾನು ಕಾವಲು ಕಾಯ್ಲಿಲ್ಲ. ಒಳ್ಳೇ ಜೋಡಿ,” ಎಂದರು. ಅಮ್ಮ ತಮ್ಮ ಮುಂದಿದ್ದ ಲೋಟದ ನೀರನ್ನು ಮಗಳ ಕಡೆ ಸರಿಸಿದರು.

ಮುಂದಿನ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಪುಡಿಯಾದ ಬಿಳಿ ಮರವನ್ನು ಚೀಲಕ್ಕೆ ತುಂಬಿ ಸುಟ್ಟರು. ಅಡಿಹಲಗೆಗೆ ಆರು ತೂತು ಕೊರೆದರು. ಮೊದಲನೆಯದಕ್ಕೆ ಕಾಲು ಗಂಟೆ ಹಿಡಿಯಿತು, ಉಳಿದ ಐದಕ್ಕೆ ಹತ್ತು ನಿಮಿಷ. ಔಷಧ ಇಳಿಸಿ, ತೇಗದ ಬಿರಡೆಗಳನ್ನು ತಾವೇ ಕೆತ್ತಿ ಬಡಿದು ಮುಚ್ಚಿದರು. ಡೆಸ್ಕ್ ಬಿಚ್ಚುವಾಗ ನಾನಿರಲಿಲ್ಲ, ಇರುವುದು ಬೇಡ ಎಂದಿದ್ದರು. ನಾಲ್ಕು ತುಂಡುಗಳನ್ನು ಒಂದರ ಪಕ್ಕ ಒಂದು ಕೂಡಿಸಿ, ಗರಗಸ ತಿಂದ ಜಾಗಕ್ಕೆ ಸಣ್ಣ ಪಟ್ಟಿ ಸೇರಿಸಿ ಹಿಂಬದಿಗೆ ಹಾಕಿದಾಗ ಹಲಗೆ ಹದವಾಗಿ ಕುಳಿತಿತು. ಅಪ್ಪನಿಂದ ಕಲಿತ ಕೂಡಿಕೆ ಎಂದರು. ಗೋಡೆಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ.

ಕೆತ್ತಿದ ಗೆರೆ ಹದಿನೈದನೆಯ ದಿನ ಮತ್ತೆ ರಿಪೇರಿಯಾಯಿತು. ಔಷಧ ಗೂಡಿನ ತನಕ ಹೋಗಿ ಮುಟ್ಟಲು ಸಮಯ ಬೇಕು ಎಂದು ಗೆದ್ದಲಕ್ಕ ನನಗೆ ಧೈರ್ಯ ಹೇಳಿದರು, ತಮಗೂ ಹೇಳಿಕೊಂಡರು. ಹದಿನಾರನೆಯ ದಿನ ಅರ್ಧ ಮುಚ್ಚಿತ್ತು. ಹದಿನೇಳರಿಂದ ಇಲ್ಲ.

ಇಪ್ಪತ್ತೊಂದನೆಯ ಬೆಳಿಗ್ಗೆ ಮೇಲ್ವಿಚಾರಕರೂ ನಮ್ಮ ಜೊತೆ ಗೋಡೆಯ ಮುಂದೆ ಬಗ್ಗಿದ್ದಾರೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿರುವ, ಗಟ್ಟಿಯಾಗಿ ಮಾತನಾಡಿದ್ದನ್ನು ಯಾರೂ ಕೇಳದ ಮನುಷ್ಯ. ಟಾರ್ಚನ್ನು ತಾವೇ ಹಿಡಿದು ನೋಡುತ್ತಾರೆ. ಕೆತ್ತಿದ ಜಾಗ ಕೆತ್ತಿದ ಹಾಗೇ ಇದೆ. ಅಂಚಿನ ಮಣ್ಣು ಒಣಗಿ ಉದುರುತ್ತಿದೆ. ಒಳಗೆ ಒಂದು ಹುಳುವೂ ಇಲ್ಲ.

“ಕಬ್ಬಿಣದ ಕಪಾಟು ಬೇಡ ಅಂತ ಇವತ್ತೇ ಬರೆದು ಕಳಿಸ್ತೀನಿ,” ಎಂದರು ಅವರು. ಗೆದ್ದಲಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಮೇಲ್ವಿಚಾರಕರು ಹೋಗುವ ಮೊದಲು ಬೆಂಚಿನ ಮುಚ್ಚಳ ಎತ್ತಿದರು. ಟಾರ್ಚು ಹಿಂಬದಿಯ ಹಲಗೆಯ ಮೇಲೆ ಹರಿದು ಒಂದು ಕಡೆ ನಿಂತಿತು. ಅಂಗೈಯಗಲದ ನೀಲಿ ಕಲೆ.

“ಇದೇನು, ಶಾಯಿ ಚೆಲ್ಲಿದ ಹಾಗಿದೆಯಲ್ಲ? ಹಿಂದಿನ ಹಲಗೆ ತೆಗೆದು ಹೊಸದು ಹಾಕಿದ್ದೀನಿ ಅಂದಿದ್ರಿ?”

ಹಳೆಯ ಮರ ಅಗ್ಗಕ್ಕೆ ಸಿಕ್ಕಿತು ಎಂದರೆ ಮುಗಿದುಹೋಗುತ್ತಿತ್ತು. ಇನ್ನೂ ಯಾವ ಕಾಗದವೂ ಮಂಡಳಿಗೆ ಹೋಗಿಲ್ಲ. ಗೆದ್ದಲಕ್ಕ ನನ್ನ ಮುಖ ನೋಡಿದರು. ಆಮೇಲೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

“ಬೇರೆ ಹಲಗೆ ಅಂದಿದ್ದೆ ಸಾರ್, ಹೊಸದು ಅಂದಿರಲಿಲ್ಲ. ಇದು ಈ ಬೆಂಚಿಂದೇ. ನಮ್ಮಪ್ಪ ಇದನ್ನ ಮನೆಗೆ ತಗೊಂಡು ಹೋಗಿ ನನಗೆ ಡೆಸ್ಕು ಮಾಡಿಕೊಟ್ಟಿದ್ರು. ಇಲ್ಲಿ ಪೆಟ್ಟಿಗೆ ಮರ ಹಾಕಿ ಬಣ್ಣ ಬಳಿದಿದ್ರು. ಗೆದ್ದಲು ಹಿಡಿದಿದ್ದು ಅದಕ್ಕೇ. ಹದಿನೆಂಟು ವರ್ಷದ ಹಿಂದೆ ಇದರ ಅಡೀಲಿ ಆರು ತೂತು ಹೊಡೀದೇನೇ ಹೊಡೆದೆ ಅಂತ ಬರೆದೋಳು ನಾನು. ಈಗ ಹೊಡೆದಿದೀನಿ. ಹಲಗೆ ವಾಪಸ್ ತಂದಿದೀನಿ.”

ಮೇಲ್ವಿಚಾರಕರು ಮುಚ್ಚಳ ಮೆಲ್ಲಗೆ ಇಳಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಮುಖ ನೋಡಿ ಏನನ್ನೂ ಹೇಳುವ ಹಾಗಿರಲಿಲ್ಲ.

“ನಲವತ್ತೊಂಬತ್ತು ವರ್ಷ ತಡ,” ಎಂದರು ಕೊನೆಗೆ. “ವಾಚನಾಲಯದ ನಿಯಮದ ಪ್ರಕಾರ ದಂಡ ಬೀಳುತ್ತೆ.”

“ಹಾಕಿ ಸಾರ್,” ಎಂದರು ಗೆದ್ದಲಕ್ಕ. “ಆದ್ರೆ ಅಪ್ಪನ ಹೆಸರಲ್ಲಿ ಬೇಡ. ಅದರ ಮೇಲೆ ಪುಸ್ತಕ ಇಟ್ಕೊಂಡು ಓದಿದೋಳು ನಾನು. ನನ್ನ ಹೆಸರಲ್ಲೇ ಬರ್ಕೊಳ್ಳಿ.”